ಕೆರೆಯ ಹಸಿರು ತೆಗೆದ ಕಂಪ್ಯೂಟರ್

ನಾನು ಮದುವೆ ವಿಡಿಯೊ ತೆಗೆಯುವವನು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಸಣ್ಣದೊಂದು ಅಂಗಡಿ, ಮನೆ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ. ನನ್ನ ಹಳೆಯ ಕಂಪ್ಯೂಟರ್‌ಗೆ ಗೊತ್ತಿದ್ದ ವಿದ್ಯೆ ಇಷ್ಟೇ: ಧಾರೆಯ ಮೇಲೆ ಗುಲಾಬಿ ದಳ ಸುರಿಸುವುದು, ಗಂಡು ಹೆಣ್ಣಿನ ಮುಖಗಳನ್ನು ಹೃದಯದ ಚೌಕಟ್ಟಿನಲ್ಲಿ ಕೂರಿಸುವುದು. ಅಷ್ಟಕ್ಕೇ ಜನ ಖುಷಿಪಡುತ್ತಿದ್ದರು, ನಾನೂ ತೆಪ್ಪಗಿದ್ದೆ. ಆಮೇಲೆ ಮದುವೆಗೆ ಮೊದಲೇ ಜೋಡಿಗಳನ್ನು ಈಜುಕೊಳಕ್ಕೆ ಇಳಿಸಿ ವಿಡಿಯೊ ತೆಗೆಸುವ ಹುಚ್ಚು ನಮ್ಮ ಕಡೆಗೂ ಬಂತು. ನೀರೊಳಗೆ ಉಸಿರು ಬಿಗಿಹಿಡಿದು ನಗುವುದರಲ್ಲಿ ಏನು ಪ್ರೀತಿಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೂ ಹೊಟ್ಟೆಪಾಡು ನೋಡಿ, ಅಂಗೈಯಲ್ಲಿ ಹಿಡಿಸುವ, ನೀರಿಗಿಳಿಸಿದರೂ ಕೆಡದ ಆ್ಯಕ್ಷನ್ ಕ್ಯಾಮೆರಾ ಒಂದನ್ನು ಕೊಂಡುತಂದೆ.

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದಕ್ಕೆ ನೀರಾಗೆ ಮುಳುಗಿದ್ರೂ ಕಣ್ಣು ಕಾಣ್ತದಾ?"

"ಕಾಣ್ತದೆ" ಅಂದೆ.

"ಅಂಗಾದ್ರೆ ನಮ್ಮ ಕೆರ್ಯಾಗೆ ಬಿಡ್ಲಾ. ಮಗೀನ ಕಲ್ಲು ಅದೆಯೋ ಇಲ್ವೋ ನೋಡು."

ನಾನು ಹುಟ್ಟುವ ಮೊದಲು ಅಮ್ಮನಿಗೆ ಒಂದು ಹೆಣ್ಣು ಕೂಸಾಗಿ, ಹಲ್ಲು ಮೂಡುವ ಮುಂಚೆಯೇ ತೀರಿಕೊಂಡಿತ್ತು. ನಮ್ಮ ಮನೆತನದಲ್ಲಿ ಅಷ್ಟು ಎಳೆಯ ಮಕ್ಕಳಿಗೆ ತಿಥಿಯಿಲ್ಲ, ಹಿರಿಯರ ಹಬ್ಬದಲ್ಲಿ ಎಡೆಯೂ ಇಲ್ಲ. ಕೆರೆಯಂಗಳದ ಅಂಚಿನಲ್ಲಿ ಹೂತು, ಮೇಲೊಂದು ಗುಂಡುಕಲ್ಲು ಇಟ್ಟು ಬಂದರೆ ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಮುಗಿದಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟಾದ ಮೇಲೆ, ಸೆರಗಿನಲ್ಲಿ ಲೋಟ ಮರೆಮಾಡಿಕೊಂಡು ಹೋಗಿ ಆ ಕಲ್ಲಿಗೆ ಹಾಲು ಹೊಯ್ದು ಬರುತ್ತಿದ್ದಳು. ಯಾರೂ ಹೇಳಿದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ.

ಕೆರೆ ಒಣಗಿದ್ದಷ್ಟು ಕಾಲ ಅದಕ್ಕೇನೂ ಅಡ್ಡಿಯಿರಲಿಲ್ಲ. ಒಂದು ಮಳೆಗಾಲದಲ್ಲಿ ಕೆರೆ ತುಂಬಿತು. ಊರೆಲ್ಲ ಗಂಗೆಪೂಜೆ ಮಾಡಿ ಕುಣಿದಾಡಿತು, ಅಮ್ಮ ಮಾತ್ರ ಏರಿಯ ಮೇಲೆ ನಿಂತು ನೀರಿಗೇ ಹಾಲು ಹೊಯ್ದು ಬಂದಳು. ಹಾಲು ಕಲ್ಲಿಗೆ ಮುಟ್ಟುತ್ತದೆಯೇ ಎಂಬುದೊಂದೇ ಅವಳ ಕೊರಗು. ಸಾಲದ್ದಕ್ಕೆ ಪಕ್ಕದ ಮನೆಯಾಕೆ, ಹೂಳೆತ್ತುವ ಮಷೀನು ಹಿಂದಿನ ಬೇಸಿಗೆಯಲ್ಲೇ ಆ ಅಂಚನ್ನೂ ಕೆರೆದುಹಾಕಿತ್ತು ಎಂದು ಬಾಯಿ ಬಿಟ್ಟಿದ್ದಳು. ಆ ಬೇಸಿಗೆ ಅಮ್ಮ ಕಾಮಸಮುದ್ರದಲ್ಲಿ ನನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು, ನಾನು ಮದುವೆ ಸೀಜನ್ನಿನಲ್ಲಿ ಊರೂರು ಅಲೆಯುತ್ತಿದ್ದೆ. ಕಣ್ಣಾರೆ ಕಂಡವರು ಮನೆಯಲ್ಲಿ ಯಾರೂ ಇರಲಿಲ್ಲ.

ಮೀನು ಹಿಡಿಯುವವನೊಬ್ಬನ ತೆಪ್ಪ ಹತ್ತಿದೆ. ಉದ್ದನೆಯ ಬಿದಿರಿನ ಗಳದ ತುದಿಗೆ ಕ್ಯಾಮೆರಾ, ಜೊತೆಗೊಂದು ನೀರಿಗೆ ಜಗ್ಗದ ಟಾರ್ಚು ಕಟ್ಟಿ ಇಳಿಸಿದೆ. ಅಮ್ಮ ಏರಿಯ ಮೇಲಿಂದ, ತೂಬಿನ ಕಂಬದ ನೇರಕ್ಕೆ ಇನ್ನೂ ಆ ಕಡೆ, ಇನ್ನೂ ಆ ಕಡೆ ಎಂದು ಕೈಬೀಸಿ ತೋರಿಸಿದಳು. ಜಾಗ ತಪ್ಪಬಾರದೆಂದು ಸುತ್ತಮುತ್ತಲೆಲ್ಲ ತೆಗೆದೆ. ದಡಕ್ಕೆ ಬಂದು ಫೋನಿನಲ್ಲಿ ಹಾಕಿದರೆ ಬರೀ ಹಸಿರು. ಸೊಪ್ಪು ಅರೆದು ಕದಡಿದ ಹಾಗೆ. ಫೋನಿನ ಆ್ಯಪ್‌ಗಳು ಮುಖ ಬೆಳ್ಳಗೆ ಮಾಡಲು ಹುಟ್ಟಿದವು, ಕೆರೆಯ ತಳ ಅವುಗಳ ಕೈಗೆ ಸಿಗುವುದಲ್ಲ. ಅಂಗಡಿಯ ಕಂಪ್ಯೂಟರ್‌ಗೆ ಹಾಕಿದೆ. ಆ ಕ್ಯಾಮೆರಾದ ಫೈಲು ಬಿಚ್ಚಲಾಗದೆ ಅದು ಒಂದು ಚಿತ್ರ ತೋರಿಸಿ ನಿಂತುಬಿಟ್ಟಿತು, ಫ್ಯಾನು ಮಾತ್ರ ಹುಯ್ಯಲಿಡುತ್ತಿತ್ತು.

ಬಂಗಾರಪೇಟೆ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಅರ್ಧ ತೆಲುಗು, ಅರ್ಧ ಕನ್ನಡ. ಕೆಂಪು ನೀಲಿ ದೀಪ ಮಿನುಗುವ ಲ್ಯಾಪ್‌ಟಾಪನ್ನು ಮುಂದಿಟ್ಟು, "ಇದಿ ಸೂಪರ್ ಅಣ್ಣಾ, ಗೇಮ್ಸ್‌ಗೆ ಬೆಂಕಿ" ಅಂದ.

"ನಾನು ಆಡಾಕ್ ಬಂದಿಲ್ಲಪ್ಪ" ಅಂದೆ. ಅವನ ಮೇಲಿನ ಸಿಟ್ಟಲ್ಲ, ಎಲ್ಲದರ ಮೇಲೂ ಸಿಟ್ಟಿತ್ತು.

ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದ ಹಸಿರು ವಿಡಿಯೊ ತೋರಿಸಿ ವಿಷಯ ಹೇಳಿದೆ. ಅವನು ಲ್ಯಾಪ್‌ಟಾಪು ಮುಚ್ಚಿದ. ಆಮೇಲೆ ವ್ಯಾಪಾರದ ಮಾತು ಆಡಲಿಲ್ಲ, ಕೆಲಸದ ಮಾತು ಆಡಿದ. ಇಂಥ ಫೈಲು ತಡೆಯದೆ ಓಡಬೇಕಾದರೆ ಬೇರೆಯೇ ಗ್ರಾಫಿಕ್ಸ್ ಕಾರ್ಡ್ ಇರಬೇಕು, ಮೆಮೊರಿ ಧಾರಾಳವಾಗಿರಬೇಕು, ಎಲ್ಲಕ್ಕಿಂತ ಮೊದಲು ಪರದೆ ಸರಿಯಿರಬೇಕು ಎಂದ. ಫಳಫಳ ಹೊಳೆಯುವ ಪರದೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದಂತೆ. ಮಂಕಾಗಿ ಕಾಣುವ, ಬಣ್ಣ ಇದ್ದ ಹಾಗೆ ತೋರಿಸುವ ಪರದೆಯನ್ನೇ ಆರಿಸಿದೆ. ದೀಪಗೀಪ ಏನೂ ಇಲ್ಲದ ಕಪ್ಪು ಪೆಟ್ಟಿಗೆಯೊಂದನ್ನು ಅವನೇ ಕೂತು ಜೋಡಿಸಿಕೊಟ್ಟ.

ಇನ್ನು ಸಾಫ್ಟ್‌ವೇರ್. ನನ್ನ ಹಳೆಯದು ಹೂವಿನ ಪರಿಣತ, ಅದನ್ನು ಬಿಟ್ಟೆ. ಇನ್ನೊಂದು ಒಂದೇ ಒತ್ತಿಗೆ ನೀರಿನ ವಿಡಿಯೊ ಸರಿಮಾಡುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿತ್ತು. ಒತ್ತಿದೆ. ಕೆರೆ ಕಡಲಿನಂತೆ ನೀಲಿಯಾಯಿತು, ಕೆಸರಿನಲ್ಲಿದ್ದ ಹೆಂಟೆಗಳಿಗೆಲ್ಲ ಕುಂಕುಮ ಹಚ್ಚಿದಂತಾಯಿತು. ಬೆಚ್ಚಿಬಿದ್ದೆ. ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪನ್ನು. ಅದನ್ನು ವಾಪಸು ತರುತ್ತೇನೆಂದು ಹೊರಟ ಸಾಫ್ಟ್‌ವೇರ್ ಇಲ್ಲದ ಕಡೆಯೂ ಕೆಂಪು ಬಳಿದಿತ್ತು. ಇದನ್ನು ತೋರಿಸಿದ್ದರೆ ಅಮ್ಮ ಯಾವುದೋ ಹೆಂಟೆಗೆ ಕೈಮುಗಿಯುತ್ತಿದ್ದಳು. ಒಂದು ಗಳಿಗೆ, ತೋರಿಸಿಬಿಡಲೇ ಅನ್ನಿಸಿದ್ದೂ ನಿಜ. ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಅವಳು ಕೇಳಿದ್ದು ಸಮಾಧಾನವನ್ನಲ್ಲ, ಕಲ್ಲು ಅದೆಯೋ ಇಲ್ವೋ ಎಂದು. ಆ ಸಾಫ್ಟ್‌ವೇರನ್ನು ಅಳಿಸಿಹಾಕಿದೆ.

ಕೊನೆಗೆ ಒಗ್ಗಿದ್ದು ಒಂದು ಒರಟು ಸಾಫ್ಟ್‌ವೇರ್. ಅದರಲ್ಲಿ ಎಲ್ಲವನ್ನೂ ಕೈಯಿಂದಲೇ ಮಾಡಬೇಕು. ಹಸಿರನ್ನು ಚೂರುಚೂರೇ ಇಳಿಸಿದೆ, ಮಬ್ಬನ್ನು ಚೂರುಚೂರೇ ತೆಗೆದೆ. ಟಾರ್ಚಿನ ಬೆಳಕಿನಲ್ಲಿ ಬಿದಿರಿನ ಗಳದ ತುದಿ ತನ್ನ ನಿಜವಾದ ಬಣ್ಣಕ್ಕೆ ಬಂದ ಕೂಡಲೇ ಅಲ್ಲಿಗೆ ನಿಲ್ಲಿಸಿದೆ. ತಳ ಕಾಣಿಸಿತು. ಪೂರ್ತಿ ವಿಡಿಯೊವನ್ನು ನಾನು ಒಬ್ಬನೇ ನೋಡಲಿಲ್ಲ. ಮಾರನೇ ದಿನ ಅಮ್ಮನನ್ನು ಬಸ್ಸಿನಲ್ಲಿ ಅಂಗಡಿಗೆ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ.

ಕಲ್ಲಿರಲಿಲ್ಲ. ಅಲ್ಲಿ ಕೊರೆದಿಟ್ಟ ಗುಂಡಿಯಿತ್ತು. ಗುಂಡಿಯ ಗೋಡೆಯ ಮೇಲೆ ಮಷೀನಿನ ಹಲ್ಲಿನ ಗುರುತು, ಬಾಚಣಿಗೆ ಎಳೆದಂತೆ ಸಾಲಾಗಿ. ಒಂದು ಮೀನು ಬಂದು ಗುರುತಿನ ಮೇಲೆ ಹಾದುಹೋಯಿತು. ಅಮ್ಮ ಮತ್ತೆ ಹಾಕು ಅಂದಳು, ಹಾಕಿದೆ. ಅಷ್ಟು ಚೆನ್ನಾಗಿ ಕಾಣುವ ಹಾಗೆ ಮಾಡಿದ ನನ್ನ ಕೈಯ ಮೇಲೆ ನನಗೇ ಅಸಹ್ಯವಾಯಿತು.

"ಈ ಮಣ್ಣೆಲ್ಲ ಎತ್ಲಾಗ್ ಓಯ್ತು?" ಎಂದಳು.

ಕೇಳುತ್ತಿರುವಾಗಲೇ ಅವಳಿಗೆ ತಿಳಿದುಹೋಗಿತ್ತು. ಆ ಬೇಸಿಗೆ ಊರಿಗೆ ಊರೇ ಕೆರೆಯ ಗೋಡುಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಸಿಕೊಂಡಿತ್ತು. ನಮ್ಮ ಹೊಲಕ್ಕೂ ಟ್ರ್ಯಾಕ್ಟರ್ ಬಂದಿತ್ತು. ಯಾವುದೋ ಮದುವೆಮನೆಯಲ್ಲಿ ನಿಂತು, ನಮ್ಮ ಹೊಲಕ್ಕೂ ಮಣ್ಣು ಹೊಡೆಯಿರಿ ಎಂದು ಫೋನಿನಲ್ಲಿ ಹೇಳಿದವನು ನಾನೇ.

"ಆ ವರ್ಸ ರಾಗಿ ಎದೆಮಟ್ಟ ಬಂದಿತ್ತು ಕಣ್ಲಾ" ಅಂದಳು ಅಮ್ಮ.

ನನಗೆ ಅಳು ತಡೆಯಲಾಗಲಿಲ್ಲ. "ನಮ್ಮ ಒಲಕ್ಕೇ ಬಂತು ಅಂತ ಎಂಗೆ ಏಳ್ತೀಯಮ್ಮಾ, ಯಾರ ಒಲಕ್ಕೆ ಓಯ್ತೋ" ಅಂದೆ.

"ಯಾರ ಒಲ್ದಾಗಾದ್ರೂ ಇರ್ಲಿ ಬಿಡು. ನೀರಾಗೆ ಒಬ್ಳೇ ಇಲ್ವಲ್ಲ."

ಆ ಸಲ ಅಮಾವಾಸ್ಯೆಗೆ ಅವಳು ಏರಿ ಹತ್ತಲಿಲ್ಲ. ಹೊಲಕ್ಕೆ ಹೋದಳು, ನಾನೂ ಹಿಂದೆಯೇ ಹೋದೆ. ರಾಗಿ ತೆನೆ ಕಟ್ಟುತ್ತಿತ್ತು. ಪೈರನ್ನು ಕೈಯಲ್ಲಿ ಸರಿಸಿ, ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಹಾಲು ಹೊಯ್ದಳು. ಮಣ್ಣು ಅದನ್ನು ಪೂರಾ ಕುಡಿಯುವ ತನಕ ಅಲ್ಲಿಂದ ಏಳಲಿಲ್ಲ.