ಶುಕ್ರವಾರದ ಸೂಟಿ ರವಿವಾರಕ್ಕೆ ಹೋದ ವಾರ

ಆ ವಾರ ಏನೇನು ಕೆಡಬಹುದಿತ್ತು ಎಂಬುದನ್ನು ನಾನು ಇವತ್ತಿಗೂ ಬಾಯಿಪಾಠ ಒಪ್ಪಿಸಬಲ್ಲೆ. ಒಂದೇ ಬಾವಿಗೆ ಎರಡು ಸಲ ಔಷಧ ಬಿದ್ದು, ನೀರು ದಾಳಿಂಬೆ ರಸದಂತಾಗಿ, 'ವಿಷ ಹಾಕ್ಯಾರ' ಎಂದು ಓಣಿಯ ಜನ ಕೊಡ ಕೆಳಗಿಟ್ಟು ಬಡಿಗೆ ಎತ್ತಬಹುದಿತ್ತು. ಮತ್ತೊಂದು ಬಾವಿಗೆ ಔಷಧವೇ ಬೀಳದೆ ಮನೆಮನೆಯಲ್ಲೂ ವಾಂತಿಭೇದಿ ಶುರುವಾಗಬಹುದಿತ್ತು. ಮೋರಿ ಬಳಿಯುವವರು ಹೂಳನ್ನು ದಂಡೆಗೆ ಎಳೆದು ಹಾಕಿದ ದಿನ ಕಸದ ಗಾಡಿ ಬಾರದೆ, ಗಾಡಿ ಬಂದ ದಿನ ಹೂಳು ಮತ್ತೆ ಮೋರಿಗೇ ಇಳಿದಿರಬಹುದಿತ್ತು. ತಕ್ಕಡಿ ತಪಾಸಣೆಗೆ ಹೋದವರು ಬಜಾರು ಮುಚ್ಚಿದ ದಿನ ಹೋಗಿ ಅಂಗಡಿಗಳ ಕೀಲಿಗಳನ್ನಷ್ಟೇ ನೋಡಿ ಬರಬಹುದಿತ್ತು. ಚೌಕಿದಾರ ರೂಢಿಯ ಮೇಲೆ ಶುಕ್ರವಾರ ಕಚೇರಿಗೆ ಹೊರಗಿನಿಂದ ಕೀಲಿ ಜಡಿದು ಹೋಗಿ, ನಾವೆಲ್ಲ ಒಳಗೇ ಉಳಿಯಬಹುದಿತ್ತು. ಹೊಸದಾಗಿ ಬಂದಿದ್ದ ಮಿಲಿಟರಿ ಅಧಿಕಾರಿ ಗೋಡೆಯ ಮೇಲಿನ ನನ್ನ ಕೆಲಸದ ತಖ್ತೆಯ ಮುಂದೆ ನಿಂತು 'ಇದನ್ನು ಬರೆದವರಾರು' ಎಂದು ಕೇಳಬಹುದಿತ್ತು. 'ನಾನು' ಎನ್ನಲು ಬಾಯಿ ಒಣಗಿ, ಆ ಮೌನವನ್ನೇ ಅವರು ಅಪರಾಧವೆಂದು ತಿಳಿಯಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ.

ನಾನಾಗ ಕಲಬುರಗಿಯ ಬಲ್ದಿಯಾದಲ್ಲಿ, ಅಂದರೆ ಈಗಿನವರು ನಗರಸಭೆ ಎನ್ನುವ ಕಚೇರಿಯಲ್ಲಿ, ಹೊಸ ಗುಮಾಸ್ತ. ಈಗ ತಲೆ ನರೆತಿದೆ, ಕಳವಳ ಮಾತ್ರ ಇನ್ನೂ ಹರೆಯದಲ್ಲೇ ಇದೆ. ಯಾವ ದಿನ ಯಾವ ಖಾತೆಯವರು ಯಾವ ಓಣಿಗೆ ಹೋಗಬೇಕು ಎಂಬ ದೊಡ್ಡ ತಖ್ತೆಯನ್ನು ಬರೆದು ಗೋಡೆಗೆ ಹಚ್ಚುವುದು ನನ್ನ ಕೆಲಸ. ಹಿರಿಯರು ಈ ಕೆಲಸವನ್ನು ನನಗೆ ಕೊಟ್ಟದ್ದು ನನ್ನ ಅಕ್ಷರ ಚೆನ್ನಾಗಿದೆಯೆಂದಲ್ಲ. 'ಇವನಿಗೆ ಹೆಂಗೂ ನಿದ್ದಿ ಬರಂಗಿಲ್ಲ, ನಾಕು ಸಲ ತಾಳೆ ನೋಡ್ತಾನ' ಎಂದು ಹೆಡ್‌ಗುಮಾಸ್ತರು ನನ್ನೆದುರಿಗೇ ಹೇಳಿದ್ದರು.

ನಿಜಾಮರ ಕಾಲದಿಂದ ನಮಗೆ ಶುಕ್ರವಾರ ಸೂಟಿ. ವಾರ ಶನಿವಾರ ಶುರುವಾಗಿ ಗುರುವಾರ ಮುಗಿಯುತ್ತಿತ್ತು. ಪೊಲೀಸ್ ಆಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿದು ಕೆಲವು ತಿಂಗಳು ಕಳೆದ ಮೇಲೆ ಒಂದು ಮಂಗಳವಾರ ಹುಕುಂ ಬಂತು: ಇದೇ ವಾರದಿಂದ ಶುಕ್ರವಾರ ಕೆಲಸ, ರವಿವಾರ ಸೂಟಿ. ಶನಿವಾರದಿಂದ ದುಡಿಯುತ್ತಿದ್ದವರು ಮತ್ತೊಂದು ಶನಿವಾರದವರೆಗೆ, ಎಂಟು ದಿನ ಎಡೆಬಿಡದೆ ದುಡಿಯಬೇಕಾಯಿತು. ಮಂಗಳವಾರ ಸಂಜೆ ಕೂತು ನಾನು ಹೊಸ ತಖ್ತೆ ಬರೆದೆ. ಮೋರಿ, ಕಸ, ಬಜಾರು, ಎಲ್ಲವನ್ನೂ ಎರಡೆರಡು ದಿನ ಆಚೆಗೆ ಸರಿಸಿದೆ. ಬಾವಿಗಳೇ ಕಷ್ಟ ಕೊಟ್ಟವು, ಏಳು ದಿನಕ್ಕೊಮ್ಮೆ ಔಷಧ ಬೇಕಾದವುಗಳ ಸರದಿ ಒಂಬತ್ತು ದಿನಕ್ಕೆ ಹೋಗುತ್ತಿತ್ತು.

ಊರ ಬಾವಿಗಳಿಗೆ ಔಷಧ ಹಾಕುವುದಕ್ಕೆ ನಮ್ಮಲ್ಲಿ ಒಬ್ಬರಿದ್ದರು. ಊರೆಲ್ಲ ಅವರನ್ನು 'ಬಾವಿ ಕಾಕಾ' ಎನ್ನುತ್ತಿತ್ತು. ಹೆಗಲಿಗೆ ಡಬ್ಬಿ, ಕೈಯಲ್ಲಿ ಬಕೇಟು ಹಗ್ಗ. ಶನಿವಾರ ಸೇಡಂ ರಸ್ತೆಯ ಕಡೆಯ ಬಾವಿಗಳಿಂದ ಹೊರಟರೆ ಗುರುವಾರ ಮಧ್ಯಾಹ್ನಕ್ಕೆ ಸ್ಟೇಶನ್ ಬಜಾರದ ಹತ್ತಿರ ಮುಗಿಸುತ್ತಿದ್ದರು. ಕೆಂಪು ಔಷಧವನ್ನು ಬಕೇಟಿನಲ್ಲಿ ಕಲಸಿ ಬಾವಿಗೆ ಇಳಿಸಿದರೆ ನೀರು ಒಂದು ದಿನ ತೆಳು ಗುಲಾಬಿ. ಆ ದಿನ ಹೆಣ್ಣುಮಕ್ಕಳ ಬೈಗುಳ ಕೇಳಬೇಕು.

"ಕಾಕಾ, ನಿನ್ನ ದೆಸೀಲಿಂದ ನಮ್ಮ ಅನ್ನಕ್ಕ ಅರಿಷಿಣ-ಕುಂಕುಮ ಹಚ್ಚಿದಂಗ ಆಗ್ಯಾದ!"

"ಛಲೋ ಆತಲ್ಲ ತಂಗಿ, ಊಟದಾಗೇ ಪೂಜಾ ಆತು."

ಅವರ ಹೆಂಡತಿ ಇದ್ದದ್ದು ಕಮಲಾಪುರದಲ್ಲಿ. ಕಾಕಾ ಇಲ್ಲಿ ಬಲ್ದಿಯಾದ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದರು. ಗುರುವಾರ ಸಂಜೆಯ ಬಸ್ಸಿಗೆ ಹೋಗಿ ಶನಿವಾರ ಬೆಳಿಗ್ಗೆ ಬರುವುದು ಅವರ ವಾಡಿಕೆ. ಪೊಲೀಸ್ ಆಕ್ಷನ್ನಿನ ಹಿಂದುಮುಂದಿನ ಗಲಾಟೆಯ ತಿಂಗಳುಗಳಲ್ಲೂ ಅವರು ಒಂದು ಗುರುವಾರ ತಪ್ಪಿಸಿರಲಿಲ್ಲ. ಬಸ್ಸಿಲ್ಲದ ದಿನ ಗಾಡಿಯಲ್ಲಿ, ಗಾಡಿಯೂ ಇಲ್ಲದ ದಿನ ಹೊಲಗಳ ಅಂಚು ಹಿಡಿದು ನಡೆದು ಹೋಗಿದ್ದರು. ಹೇಳಿದ ದಿನಕ್ಕೆ ಬಾರದವರು ಆಮೇಲೆ ಬಾರದೇ ಹೋದ ಮನೆಗಳು ಆಗ ಎಲ್ಲ ಊರಲ್ಲೂ, ಎಲ್ಲ ಜಾತಿಯಲ್ಲೂ ಇದ್ದವು. ಹೆಂಡತಿಗೆ ಕೊಟ್ಟ ಆ ಒಂದು ದಿನವನ್ನು ಕಾಕಾ ಜೀವದಂತೆ ಕಾಯ್ದುಕೊಂಡಿದ್ದರು.

ಬುಧವಾರ ಅವರು ಹೊಸ ತಖ್ತೆಯ ಮುಂದೆ ನಿಂತು ತಲೆ ಕೆರೆದುಕೊಂಡರು.

"ರಾಯರ, ನಾಳೆ ಊರಿಗಿ ಹೋಗಂಗಿಲ್ಲೇನು ಹಂಗಾದ್ರ?"

"ಇಲ್ಲ ಕಾಕಾ. ಶುಕ್ರವಾರ, ಶನಿವಾರ ಮೊದಲಿನ ಬಾವಿಗಳಿಗೇ ಅರ್ಧ ಔಷಧ. ರವಿವಾರ ಹೋಗ್ರಿ."

"ಹಂಗಾದ್ರ ಮನಿಗಿ ಒಂದು ಕಾರ್ಡು ಬರೀರಿ. ಐತ್ವಾರ ಬರ್ತೀನಿ ಅಂತ. ಇಲ್ಲಾಂದ್ರ ಆಕಿ ಗಾಬರಿ ಆಗ್ತಾಳ."

"ಬರೀತೀನಿ," ಎಂದೆ.

ಬರೆದೆ ಕೂಡ. ಬರೆದು ಮುಗಿಸಿದ ಮೇಲೆ ನನ್ನ ಕೆಲಸ ನಾನು ಶುರು ಮಾಡಿದೆ, ಅಂದರೆ ಯೋಚಿಸತೊಡಗಿದೆ. ಆಕೆಗೆ ಓದು ಬಾರದು. ಕಾರ್ಡು ಹಿಡಿದು ಅಂಚೆಯವನು ಬಾಗಿಲಿಗೆ ಬಂದ ಎಂದರೆ ಆ ದಿನಗಳಲ್ಲಿ ಒಂದೇ ಅರ್ಥ. ಓದುವವರನ್ನು ಹುಡುಕಿ ತರುವ ಹೊತ್ತಿಗೆ ಆಕೆಯ ಎದೆ ಒಡೆದಿರುತ್ತದೆ. ಓದುವವನು 'ಬರುವುದಿಲ್ಲ' ಎಂಬಲ್ಲಿಗೆ ಬಂದು ಕೆಮ್ಮಿದರೆ? ಕಾರ್ಡೇ ಇಲ್ಲದಿದ್ದರೆ ಎರಡು ದಿನ ತಡವಾಯಿತು ಎಂದುಕೊಳ್ಳುತ್ತಾಳೆ, ಅಷ್ಟೆ. ನಾನು ಕಾರ್ಡನ್ನು ಮೇಜಿನ ಖಾನೆಗೆ ಹಾಕಿದೆ. ಇದು ಹೇಡಿತನವಲ್ಲ, ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಕಾಗೆ ಏನೂ ಹೇಳಲಿಲ್ಲ.

ವಾರ ಬಂಗಾರದಂತೆ ನಡೆಯಿತು. ಶುಕ್ರವಾರ ಬೆಳಿಗ್ಗೆ ಕಾಕಾ ನನ್ನೆದುರಿಗೇ ತಕ್ಕಡಿಯಲ್ಲಿ ಅರ್ಧರ್ಧ ಔಷಧ ತೂಗಿ ಪೊಟ್ಟಣ ಕಟ್ಟಿದರು. ಒಂದು ಬಾವಿಯೂ ತಪ್ಪಲಿಲ್ಲ, ಒಂದೂ ಹೆಚ್ಚು ಕೆಂಪಾಗಲಿಲ್ಲ. ಶನಿವಾರ ಸಂಜೆ ಅಧಿಕಾರಿ ಬಂದು ತಖ್ತೆ ನೋಡಿ ತಲೆಯಾಡಿಸಿ ಹೋದರು. ಅವರು ಹೋಗುವವರೆಗೆ ಯಾರೂ ಕದಲುವಂತಿರಲಿಲ್ಲ. ಅಷ್ಟರಲ್ಲಿ ಕೊನೆಯ ಬಸ್ಸೂ ಹೋಗಿತ್ತು.

ರವಿವಾರ ಬೆಳಿಗ್ಗೆ ನಾನೂ ಕಾಕಾನ ಜೊತೆ ಹೊರಟೆ. ಮನಸ್ಸು ಚುಚ್ಚುತ್ತಿತ್ತು, ಆಕೆಗೆ ಹುಕುಂ ತಿಳಿಸಿ ಹೇಳುತ್ತೇನೆ ಎಂದು ನೆಪ ಮಾಡಿದೆ.

"ನಿಮ್ಮ ಹೆಂಡ್ತಿಗೇ ನಾಕು ಮಾತು ತಿಳಿಸಿ ಹೇಳಾಕ ಬರಂಗಿಲ್ಲ ನಿಮಗ. ನನ್ನ ಹೆಂಡ್ತಿಗಿ ಹೇಳ್ತೀರೇನು?" ಎಂದು ಕಾಕಾ ಬಸ್ಸಿನಲ್ಲಿ ನಕ್ಕರು.

ಕಪನೂರ ದಾಟುವಾಗ ಬಾಯಿಬಿಟ್ಟೆ. "ಕಾಕಾ, ಕಾರ್ಡು ಹಾಕಿಲ್ಲ. ನೋಡಿ ಹೆದರ್ತಾರೇನೋ ಅಂತ..."

ಕಾಕಾ ಕಿಟಕಿಯಾಚೆ ನೋಡಿದರು. "ಹೋಗ್ಲಿ ಬಿಡ್ರಿ. ಎರಡು ದಿನದ ಮಾತು," ಎಂದರು.

ಬಸ್ಸಿಳಿದರೆ ಎದುರಿಗೆ ಚಹಾದ ಅಂಗಡಿ. ಬೆಂಚಿನ ಮೇಲೆ ಕೂತಿದ್ದವನು ಕಾಕಾನನ್ನು ನೋಡಿ ಎದ್ದು ನಿಂತ. ಹತ್ತಿರ ಬರಲಿಲ್ಲ. ಕಾಕಾನ ಹೆಂಡತಿಯ ತಮ್ಮ.

"ಮಾವಾ? ಎಲ್ಲಿದ್ದಿ ನೀ?"

"ಬಾವ್ಯಾಗಿದ್ದೆ. ಇನ್ನೆಲ್ಲಿರ್ಲಿ?"

ಕಾಕಾ ಒಬ್ಬರೇ ನಕ್ಕರು.

"ಶುಕ್ರವಾರ ನಿನ್ನ ಹುಡಕ್ಕೋತ ಕಲಬುರಗಿಗಿ ಬಂದಿದ್ದೆ. ಖೋಲಿಗಿ ಕೀಲಿ ಹಾಕಿತ್ತು. ಮಧ್ಯಾಹ್ನದ ತನ ಬಾಗಿಲದಾಗ ಕುಂತಿದ್ದೆ."

"ಡ್ಯೂಟಿ ಮ್ಯಾಲ ಇದ್ದೆನೋ. ಆಫೀಸಿಗಿ ಬರಬೇಕಿಲ್ಲೇನು?"

"ಶುಕ್ರವಾರ ಆಫೀಸು ಎಲ್ಲಿ ತೆರೀತಾರ? ಬಂದ್ ಇರ್ತದಂತ ಆ ಕಡಿ ಹಾಯಲೇ ಇಲ್ಲ." ಅವನು ತಲೆ ತಗ್ಗಿಸಿದ. "ಕೀಲಿ ಹಾಕ್ಯಾದ ಅಂತ ಬಂದು ಅಕ್ಕಗ ಹೇಳಿಬಿಟ್ಟೆ ಮಾವಾ."

ಆ ಖೋಲಿಯಿಂದ ನಮ್ಮ ಕಚೇರಿಯ ಅಂಗಳಕ್ಕೆ ಒಂದು ಓಣಿಯ ದೂರ. ಅವನು ಬಾಗಿಲಲ್ಲಿ ಕುಳಿತಿದ್ದ ಹೊತ್ತಿನಲ್ಲಿ ಕಾಕಾ ನನ್ನೆದುರಿಗೆ ಪೊಟ್ಟಣ ಕಟ್ಟುತ್ತಿದ್ದರು. ನಾನು ಎಲ್ಲ ಬಾವಿಗಳ ಚಿಂತೆ ಮಾಡಿದ್ದೆ.

ಮನೆಯ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು. ಕಾಕಾನನ್ನು ನೋಡಿ ಒಬ್ಬಳು ಬಾಯಿಗೆ ಕೈ ಹಿಡಿದಳು. ಹೆಂಡತಿ ಒಳಗಿಂದ ಬಂದು ಹೊಸ್ತಿಲಲ್ಲಿ ನಿಂತು ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ಬಂದ್ರೇನು," ಎಂದಳು.

ತಂಬಿಗೆಯಲ್ಲಿ ಕಾಲಿಗೆ ನೀರು ತಂದಳು. ತಂಬಿಗೆ ಹಿಡಿದ ಎರಡೂ ಕೈ ಸೆರಗಿನೊಳಗಿದ್ದವು. ಕಾಕಾ ತಂಬಿಗೆಗೆ ಕೈ ಚಾಚಿದಾಗ ಸೆರಗು ಜಾರಿತು. ಮಣಿಕಟ್ಟು ಎರಡೂ ಬೋಳು. ಎಡಗೈಗೆ ಅರಿವೆಯ ತುಂಡು ಸುತ್ತಿತ್ತು, ಅದರ ಮೇಲೆ ಒಣಗಿದ ರಕ್ತ.

"ಏ, ಏನ್ ಮಾಡ್ಕೊಂಡಿ ಇದು?"

"ನೀವು ಬರ್ಲಿಲ್ಲಲ್ಲ."

ಕಟ್ಟೆಯ ಮೇಲಿನ ಮುದುಕಿ ನನ್ನ ಕಡೆ ತಿರುಗಿ ಹೇಳಿದಳು: "ನಾವು ಬ್ಯಾಡಂದೇವ್ರಿ. ಇನ್ನೊಂದೆರಡು ದಿನ ನೋಡು ಅಂದೇವು. ನಿನ್ನಿ ಮುಂಜಾನಿ ಯಾರಿಗೂ ಹೇಳಲಾರ್ದ ಒರಳಕಲ್ಲಿಗಿ ಬಡದು ಬಳಿ ಒಡಕೊಂಡಾಳ. ಎಷ್ಟಂತ ಕಾಯ್ಲಿ, ದಿನಾ ಸಾಯೋದಕ್ಕಿಂತ ಒಮ್ಮಿ ಮುಗೀಲಿ ಅಂದಳು."

ನಾನು ಹೇಳಬೇಕೆಂದು ಬಂದದ್ದನ್ನು ಹೇಳಿದೆ. ಹೊಸ ಸರಕಾರ, ಹೊಸ ಹುಕುಂ, ಶುಕ್ರವಾರ ಹೋಗಿ ರವಿವಾರ. ಆಕೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು:

"ಒಂದು ಮಾತು ಹೇಳಿ ಕಳಸಾಕ ಆಗ್ತಿರಲಿಲ್ಲೇನ್ರಿ?"

ನಾನು ಬಾಯಿ ತೆರೆದೆ. ಕಾಕಾ ನನಗಿಂತ ಮೊದಲೇ ಹೇಳಿಬಿಟ್ಟರು: "ಪಾಪ, ರಾಯರು ಕಾರ್ಡು ಬರ್ದು ಹಾಕಿದ್ರು. ಎಲ್ಲಿ ಕಳದದೋ ಏನೋ."

ನಾನು ತೆರೆದ ಬಾಯಿ ಮುಚ್ಚಿದೆ. ಅದು ಇಂದಿನವರೆಗೂ ಮುಚ್ಚಿಯೇ ಇತ್ತು.

ಹೆಂಗಸರು ಬಳೆಗಾರನನ್ನು ಕರೆತಂದರು. ಮನೆಯಲ್ಲಿ ಗಂಡ ಕೂತಿರುವಾಗ ಬರಿಗೈ ಇರಬಾರದೆಂದು ಎಲ್ಲರಿಗೂ ಅವಸರ. ಆತ ಹಸಿರು ಬಳೆಗಳ ಗಂಟು ಬಿಚ್ಚಿ ಆಕೆಯ ಎಡಗೈ ಹಿಡಿದು ನೋಡಿದ. ಗಾಜು ಚುಚ್ಚಿ ಅಂಗೈ ಹೆಬ್ಬೆರಳಿನವರೆಗೆ ಊದಿತ್ತು. ಎಣ್ಣೆ ಹಚ್ಚಿ ಎರಡು ಸಲ ಏರಿಸಲು ನೋಡಿದ, ಆಕೆ ಹಲ್ಲು ಕಚ್ಚಿದಳು. ಬಲಗೈಗೆ ಇಡುತ್ತೇನೆ ಎಂದರೆ ಮುದುಕಿ ಒಂದೇ ಕೈಗೆ ಇಡಬಾರದು ಎಂದಳು.

"ಊತ ಇಳೀಲಿ ತಾಯಿ. ಮುಂದಿನ ವಾರ ಬಂದು ಇಟ್ಟುಹೋಗ್ತೀನಿ," ಎಂದು ಬಳೆಗಾರ ಗಂಟು ಕಟ್ಟಿದ.

ಕಾಕಾ ಗೋಡೆಗೆ ಒರಗಿ ಕೂತು ಇದನ್ನೆಲ್ಲ ನೋಡಿದರು. ತಮ್ಮದೇ ಮನೆಯ ದುಃಖಕ್ಕೆ ಬಂದ ಬೀಗರಂತೆ ಕೂತಿದ್ದರು. ಊಟಕ್ಕೆ ಬಡಿಸಿದಳು. ನನಗೂ ಬಡಿಸಿದಳು, ರೊಟ್ಟಿ ಬಿಸಿಯಿತ್ತು, ಇನ್ನೊಂದು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಿದಳು. ನಾನು ಹಾಕಿಸಿಕೊಂಡೆ. ಬೇಡವೆನ್ನುವ ಧೈರ್ಯವೂ ನನಗಿರಲಿಲ್ಲ.

ಸಂಜೆಯ ಬಸ್ಸಿಗೆ ಹೊರಟೆವು, ಸೋಮವಾರ ಬಾವಿಗಳಿದ್ದವು. ಆಕೆ ಬಾಗಿಲವರೆಗೆ ಬಂದಳು.

"ಇನ್ನ ಮ್ಯಾಲ ಶನಿವಾರ ಸಂಜಿಗಿ ಬರ್ತೀನಿ," ಎಂದರು ಕಾಕಾ. "ಶನಿವಾರ. ನೆಪ್ಪಿರ್ಲಿ."

"ದಿನ ಹೇಳಬ್ಯಾಡ್ರಿ," ಎಂದಳು ಆಕೆ. ಸಿಟ್ಟಿರಲಿಲ್ಲ ದನಿಯಲ್ಲಿ. "ದಿನ ಹೇಳಿದ್ರ ಕಾಯಬೇಕಾಗ್ತದ. ಬಂದಾಗ ಬರ್ರಿ."

ಮುಂದಿನ ವಾರ ಊತ ಇಳಿಯಿತು, ಬಳೆಯೂ ಏರಿತು. ಊರಿಗೆ ಬೇನೆ ಬರಲಿಲ್ಲ, ತಖ್ತೆ ವರ್ಷಗಟ್ಟಲೆ ಗೋಡೆಯ ಮೇಲಿತ್ತು. ನೌಕರಿ ಮುಗಿಯುವವರೆಗೆ ಕಾಕಾ ಪ್ರತಿ ಶನಿವಾರ ಸಂಜೆ ಕಮಲಾಪುರಕ್ಕೆ ಹೋಗುತ್ತಲೇ ಇದ್ದರು. ಮನೆಯಿಂದ ಹೊರಡುವಾಗ ಮತ್ತೆ ಯಾವಾಗ ಬರುತ್ತೇನೆಂದು ಮಾತ್ರ ಹೇಳುತ್ತಿರಲಿಲ್ಲ, ಆಕೆಯೂ ಕೇಳುತ್ತಿರಲಿಲ್ಲ. ಆ ವಾರ ಕೆಟ್ಟದ್ದು ಅದೊಂದೇ.