ನೇರಳೆಯೋ ಕಂದೋ

ಅಪ್ಪನ ಕಣ್ಣಿನ ಪೊರೆಯನ್ನು ಮೊದಲು ಕಂಡುಹಿಡಿದದ್ದು ನಾನು, ಅದೂ ಚಿತ್ರ ಬರೆಯುವವಳ ಸೂಕ್ಷ್ಮ ದೃಷ್ಟಿಯಿಂದ ಎಂದು ಸೋದರತ್ತೆ ಪ್ರತಿ ಮದುವೆಮನೆಯಲ್ಲೂ ಹೇಳುತ್ತಾರೆ. ಕೇಳಲು ಚೆನ್ನಾಗಿಯೇ ಇದೆ. ಸಾಕ್ಷ್ಯ ಎಲ್ಲಿದೆ? ನಾನು ಅಪ್ಪನ ಜೊತೆ ಜಗಳವಾಡುತ್ತಿದ್ದೆ, ಗೆಲ್ಲಬೇಕೆಂದಿದ್ದೆ, ಅಷ್ಟೇ.

ಅಪ್ಪ ತಿರುಪ್ಪೂರಿನ ಒಂದು ಡೈಯಿಂಗ್ ಫ್ಯಾಕ್ಟರಿಯಲ್ಲಿ ಶೇಡ್ ನೋಡುವವರು. ಗಿರಾಕಿ ಕಳಿಸಿದ ತುಂಡನ್ನೂ ಹೊಸದಾಗಿ ಬಣ್ಣ ಹಾಕಿದ ಬಟ್ಟೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡೂ ಒಂದೇ ಎಂದು ಅವರು ಹೇಳಿದರೆ ಮಾತ್ರ ಮಾಲು ಮುಂದೆ ಹೋಗುತ್ತದೆ. ಬಣ್ಣ ಅಳೆಯುವ ಯಂತ್ರ ಬಂದಿದೆ, ಆದರೂ ಕೊನೆಯ ಮಾತು ಅಪ್ಪನದೇ. ಆ ಜಗಳವಾದ ವರ್ಷ ಅವರು ಹೊಸದೊಂದು ಆಟ ಶುರುಮಾಡಿದ್ದರು. ಸಂಜೆ ಅಂಗಿಯ ಜೇಬಿನಿಂದ ಬಟ್ಟೆಯ ತುಂಡುಗಳನ್ನು ತೆಗೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಎರಡೂ ಒಂದೇ ತರ ಇದಾವಾ ನೋಡು' ಎಂದು ಅಮ್ಮನನ್ನು ಕೇಳುತ್ತಿದ್ದರು. ಅಮ್ಮನಿಗೂ ಅದರಲ್ಲಿ ಖುಷಿಯಿತ್ತು.

ನನ್ನದು ಜಲವರ್ಣ. ಕಾಗದ ಒದ್ದೆ ಮಾಡಿ, ಬಣ್ಣ ಬಿಟ್ಟು, ಹಲಗೆಯನ್ನು ಓರೆ ಹಿಡಿದರೆ ಬಣ್ಣವೇ ದಾರಿ ಹುಡುಕಿಕೊಳ್ಳುತ್ತದೆ. ಮರವಿಲ್ಲ, ಮನೆಯಿಲ್ಲ, ಮುಖವಿಲ್ಲ. ನಮ್ಮ ಬಿಸಿಲಿಗೆ ಬೇಗ ಒಣಗಿ ಅಂಚು ಕಟ್ಟುತ್ತದೆಂದು ಮೆಟ್ಟಿಲ ಕೆಳಗಿನ ನೆರಳಲ್ಲಿ ಕೂರುತ್ತಿದ್ದೆ. ಅಪ್ಪನಿಗೆ ಅದೊಂದು ತಮಾಷೆ. 'ಬಣ್ಣ ಹೀಗೆ ಒಂದೊಂದು ಕಡೆ ಒಂದೊಂದು ತರ ಕೂತು ಇಷ್ಟು ಪ್ಯಾಚ್ ಬಂದ್ರೆ ನಮ್ಮಲ್ಲಿ ಮತ್ತೆ ಮಷೀನ್‌ಗೇ ಹಾಕ್ತಾರೆ ಅಮ್ಮಣಿ' ಎಂದು ನನ್ನನ್ನು ಛೇಡಿಸುತ್ತಿದ್ದರು. ಒಂದು ಭಾನುವಾರ ಮಾತ್ರ ಬೇರೆಯೇ ಪ್ರಶ್ನೆ ಬಂತು.

'ಈ ಕಂದು ಯಾಕೆ ಇಷ್ಟು ಸುರಿದಿದ್ದೀಯ?'

'ಕಂದು ಎಲ್ಲಿದೆ ಅಪ್ಪಾ? ಅದು ನೇರಳೆ.'

'ನನಗೇ ಶೇಡ್ ಹೇಳಿಕೊಡ್ತೀಯಾ?'

'ಬೇಕಾದ್ರೆ ಟ್ಯೂಬ್ ನೋಡಿ.'

'ಟ್ಯೂಬ್ ಮೇಲೆ ಏನ್ ಬೇಕಾದ್ರೂ ಬರೀತಾರೆ.'

'ವಾಯಾಡಿ, ಬಾಯಿಬಡುಕಿ! ಅಪ್ಪನ ಜೊತೆ ಸರಿಸಮ ಬಾಯಿ' ಎಂದು ಅಮ್ಮ ಒಳಗಿಂದ ಬೈದಳು. 'ಹಾಗಾದ್ರೆ ನೀನೇ ಬಂದು ತೀರ್ಪು ಹೇಳು' ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಅಂಟಿದ ಚಾಳಿ. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಕಾಗದ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

'ನೇರಳೆನೇ ಅದು.'

ಅಪ್ಪ ಎದ್ದು ಹೋದರು. ಗೆದ್ದಿದ್ದೆ. ಆದರೆ ಅಪ್ಪ ವಾದ ಬಿಟ್ಟುಕೊಟ್ಟದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ, ಹಾಗಾಗಿ ಹೆದರಿಕೆಯಾಯಿತು. ಎಲೆ ಬರೆದಿದ್ದರೆ ಹಸಿರು, ಆಕಾಶವಾಗಿದ್ದರೆ ನೀಲಿ ಎಂದು ಅವರು ಊಹಿಸಿ ಹೇಳಿಬಿಡುತ್ತಿದ್ದರು. ನನ್ನ ಕಾಗದದಲ್ಲಿ ಊಹೆಗೆ ಆಸರೆಯೇ ಇರಲಿಲ್ಲ.

ಕೊಯಮತ್ತೂರಿನ ಕಣ್ಣಾಸ್ಪತ್ರೆಯಲ್ಲಿ, ಎರಡೂ ಕಣ್ಣಿನ ಪೊರೆ ಹಳದಿಗಟ್ಟಿದೆ, ಆಪರೇಷನ್ ಮಾಡಬಹುದು ಎಂದರು. ಅಪ್ಪ ಕೇಳಿದ್ದು ಒಂದೇ ಮಾತು: 'ಬಣ್ಣ ಮೊದಲಿನ ಹಾಗೆ ತಿಳಿಯುತ್ತಾ ಡಾಕ್ಟ್ರೇ?' ತಿಳಿಯದಿದ್ದರೆ ಕೆಲಸವಿಲ್ಲ. ಬೇರೆ ಕೆಲಸ ಅವರು ಕಲಿತೇ ಇಲ್ಲ.

ಮೊದಲು ಬಲಗಣ್ಣಿನದಾಯಿತು. ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ, 'ಎಲ್ಲಿ ಆ ಜಗಳದ ಕಾಗದ? ತಗೊಂಡ್ ಬಾ' ಎಂದರು. ಕಪ್ಪು ಕನ್ನಡಕ ತೆಗೆದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಮತ್ತೆ ಅದನ್ನೇ ಮಾಡಿದರು. ನಾನೂ ಅಮ್ಮನೂ ಪಕ್ಕದಲ್ಲೇ ನಿಂತಿದ್ದೆವು.

'ಇದರಲ್ಲಿ ಎರಡು ಚಿತ್ರ ಇದೆಯಲ್ಲ ಅಮ್ಮಣಿ! ಹಳೇ ಕಣ್ಣಿಗೆ ಕಂದು. ಹೊಸ ಕಣ್ಣಿಗೆ... ಏನ್ ನೇರಳೆ ಇದು!'

'ಅಪ್ಪಾಡಾ' ಎಂದು ನಿಟ್ಟುಸಿರು ಬಿಟ್ಟು ಅಮ್ಮ ಅಲ್ಲೇ ನೆಲಕ್ಕೆ ಕೂತಳು.

'ಪ್ಯಾಚ್ ಹೋಯ್ತಾ ಅಪ್ಪಾ?'

'ಪ್ಯಾಚ್ ಮಾತ್ರ ಎರಡು ಕಣ್ಣಿಗೂ ಇದೆ.'

ಎಡಗಣ್ಣೂ ಸರಿಹೋಯಿತು. ಅಪ್ಪ ಅದೇ ಫ್ಯಾಕ್ಟರಿಯಲ್ಲಿ, ಅದೇ ಕೆಲಸದಲ್ಲಿದ್ದಾರೆ. ಈಗ ನಾನು ನೀಲಿ ಹೆಚ್ಚು ಹಾಕಿದರೆ ದೂರದಿಂದಲೇ ಬೈಯುತ್ತಾರೆ, ಆ ಬೈಗುಳ ನನಗೆ ಹಿತವಾಗಿ ಕೇಳುತ್ತದೆ. ಜೇಬಿನಲ್ಲಿ ತುಂಡುಗಳು ಬರುವುದು ಮಾತ್ರ ನಿಂತಿದೆ. ಅಡುಗೆಮನೆಯ ಬಾಗಿಲಿಗೆ ಬಂದು ಅಮ್ಮನನ್ನು ಏನೂ ಕೇಳುವುದಿಲ್ಲ.

ಮೊನ್ನೆ ಊಟದ ನಡುವೆ ಅತ್ತೆ ಮತ್ತೆ ಅದೇ ಕಥೆ ಶುರುಮಾಡಿದರು. ನಾನು ಅಪ್ಪನ ಕಡೆ ತಿರುಗಿದೆ.

'ಅಪ್ಪಾ, ದಿನಾ ಅಮ್ಮನಿಗೆ ಆ ತುಂಡುಗಳನ್ನ ತೋರಿಸಿ ಕೇಳ್ತಿದ್ದಿರಲ್ಲ, ಶೇಡ್ ಸರಿಯಾಗಿ ಕಾಣ್ತಿಲ್ಲ ಅಂತ ಆಗಲೇ ನಿಮಗೆ ಗೊತ್ತಿತ್ತಾ?'