ಅತ್ತೆಯ ಮಾತಿಗೆ ಕಾದು ನಿಂತವರು

ನನ್ನ ಎರಡನೆಯ ಬಸುರಿನ ಐದನೇ ತಿಂಗಳಲ್ಲಿ ಜಮಖಂಡಿಯ ಡಾಕ್ಟರಮ್ಮ ಹಾಸಿಗೆ ಬಿಟ್ಟು ಏಳಕೂಡದೆಂದು ಕಟ್ಟಪ್ಪಣೆ ಮಾಡಿದರು. ಮೊದಲನೆಯದು ನಿಂತಿರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತವರಾದ ಗಲಗಲಿಗೆ ಹೋಗೋಣವೆಂದರೆ ದಾರಿಯ ಬಸ್ಸಿನ ಕುಲುಕಾಟ. ಮೇಲಾಗಿ ತವರಿನವರು ಆ ವರ್ಷ ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟ ಹಳೆಯ ಮನೆಯ ಬಾಗಿಲು, ತೊಲೆಗಳನ್ನು ಬಿಚ್ಚಿ ಹೊಸ ಜಾಗಕ್ಕೆ ಸಾಗಿಸುವ ಗಡಿಬಿಡಿಯಲ್ಲಿದ್ದರು. ರಬಕವಿಯ ಗಂಡನ ಮನೆಯಲ್ಲೇ, ಮಗ್ಗದ ಶೆಡ್ಡಿಗೆ ಅಂಟಿಕೊಂಡ ನಡುಕೋಣೆಯಲ್ಲಿ ಮಲಗಿದೆ. ನಾನು ಎದ್ದು ಓಡಾಡದಂತೆ ಕಾಯಲು ಅತ್ತೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ತಮ್ಮ ರಾಟಿಯನ್ನು ತಂದು ನನ್ನ ಕಾಲದೆಸೆಗೆ ಇಟ್ಟುಕೊಂಡು ಕೂತರು.

ಮದುವೆಯಾಗಿ ಎರಡು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ಹೇಳಿಕೊಳ್ಳುವಂಥ ಮಾತಿರಲಿಲ್ಲ. ಅವರು ಸಿಡುಕಿನವರೇನಲ್ಲ. ಮಾತೇ ಕಡಿಮೆ. ಗಂಡ ತೀರಿಕೊಂಡಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲವಂತೆ. ಆಮೇಲೆ ಮನೆ ನಡೆದದ್ದು ಅವರ ಭಾವನ, ನಮ್ಮ ದೊಡ್ಡ ಮಾವನ, ಮಾತಿನ ಮೇಲೆ. ಎಷ್ಟು ಮಗ್ಗ ಹಾಕಬೇಕು, ಯಾವ ಬಣ್ಣದ ಸೀರೆ ನೇಯಬೇಕು, ಯಾವ ಮಗನಿಗೆ ಎಲ್ಲಿಂದ ಹೆಣ್ಣು ತರಬೇಕು, ಎಲ್ಲವೂ ಅವರೇ. ಅತ್ತೆ ಕಂಡಿಕೆ ಸುತ್ತಿ ಕೊಡುತ್ತಿದ್ದರು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದರು. ನನ್ನನ್ನು ನೋಡಲು ಗಲಗಲಿಗೆ ಬರುವ ದಿನ ಗೊತ್ತಾದದ್ದೇ ಅವರಿಗೆ ಹಿಂದಿನ ಸಂಜೆಯಂತೆ. ಅದನ್ನೂ ಅವರು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ.

ಮಲಗಿ ಮಲಗಿ ನನಗೆ ತಲೆ ಕೆಟ್ಟಂತಾಗಿತ್ತು. ಮೈದುನ ಒಮ್ಮೆ ಸೀರೆ ಗಂಟಿನ ಜೊತೆ ಮುಂಬೈಗೆ ಹೋದಾಗ ಟಿವಿಗೆ ಜೋಡಿಸಿ ಆಡುವ ಗೇಮಿನ ಡಬ್ಬಿಯೊಂದನ್ನು ತಂದಿದ್ದ. ಆಮೇಲೆ ಇಚಲಕರಂಜಿಯ ದೊಡ್ಡ ಶೆಡ್ಡಿಗೆ ಕೆಲಸಕ್ಕೆ ಹೋಗುವಾಗ ಅದನ್ನು ಅಟ್ಟದ ಮೇಲೆ ಬಿಟ್ಟು ಹೋಗಿದ್ದ. ಗಂಡನಿಗೆ ಹೇಳಿ ಅದನ್ನು ಇಳಿಸಿಕೊಂಡೆ. ಇದ್ದ ಸಿ.ಡಿ.ಗಳಲ್ಲಿ ಒಂದು ಕಾರಿನ ರೇಸು, ಇನ್ನೊಂದು ಗುದ್ದಾಟ. ಎರಡಕ್ಕೂ ಎದೆ ಡವಗುಟ್ಟುತ್ತಿತ್ತು, ಡಾಕ್ಟರಮ್ಮನ ಮುಖ ನೆನಪಾಗಿ ಆರಿಸಿಬಿಟ್ಟೆ. ಮೂರನೆಯದು ನಿಧಾನದ ಆಟ. ನಾಲ್ಕು ಜನ ಊರೂರು ತಿರುಗುತ್ತ ಒಂದು ದೊಡ್ಡ ಕೇಡನ್ನು ಹುಡುಕಿಕೊಂಡು ಹೋಗುವ ಕಥೆ. ಮಾತೆಲ್ಲ ಇಂಗ್ಲಿಷಿನಲ್ಲಿ ಬರೆದು ಬರುತ್ತಿತ್ತು. ಪಿಯುಸಿವರೆಗೆ ಓದಿದ್ದ ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ತಿಳಿದಷ್ಟು ತಿಳಿದುಕೊಳ್ಳುತ್ತಿದ್ದೆ.

ಆ ಆಟದಲ್ಲಿ ಕಾಳಗ ಶುರುವಾದರೆ ನಮ್ಮ ನಾಲ್ವರು ಈ ಕಡೆ, ವೈರಿಗಳು ಆ ಕಡೆ ಸಾಲಾಗಿ ನಿಲ್ಲುತ್ತಿದ್ದರು. ನಮ್ಮವರಲ್ಲಿ ಒಬ್ಬರ ಪಾಳಿ ಬಂತೆಂದರೆ ಪರದೆಯ ಕೆಳಗೆ ನೀಲಿ ಚೌಕವೊಂದು ತೆರೆದುಕೊಳ್ಳುತ್ತಿತ್ತು. ಹೊಡೆಯಬೇಕೋ, ತಡೆಯಬೇಕೋ, ಮಂತ್ರ ಹಾಕಬೇಕೋ, ಔಷಧ ಕೊಡಬೇಕೋ, ನಾವು ಆರಿಸಿ ಹೇಳಬೇಕು. ಅಲ್ಲಿಯವರೆಗೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಕತ್ತಿ ಹಿರಿದ ವೈರಿಯೂ ನಿಂತಲ್ಲೇ ಕಾಲು ಬದಲಿಸುತ್ತ ಇರುತ್ತಿದ್ದ.

ಅತ್ತೆ ಮೂರು ದಿನ ರಾಟಿ ತಿರುಗಿಸುತ್ತ ಓರೆಗಣ್ಣಲ್ಲಿ ನೋಡಿದರು. ನಾಲ್ಕನೇ ದಿನ ಕೇಳಿದರು.

"ಅವರ್ಯಾಕ ಸುಮ್ಮ ನಿಂತಾರ?"

"ನಾವು ಹೇಳೂದನ್ನ ಕಾಯಾಕತ್ತಾರರೀ ಅತ್ತಿ."

"ನಾವು ಹೇಳೂತನಕಾ?"

"ಹೌದರಿ. ಸಂಜೀತನಕ ಹೇಳದಿದ್ರೂ ಹಂಗ ನಿಂತಿರ್ತಾರ."

ರಾಟಿ ನಿಂತಿತು. ಅತ್ತೆ ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಶೆಡ್ಡಿನಲ್ಲಿದ್ದ ಮಗನಿಗೆ ಒಂದು ಕಪ್ಪು ಕೊಟ್ಟರು, ನನಗೊಂದು ತಂದರು, ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆದು ಮಡಚಿಟ್ಟರು. ಮತ್ತೆ ಬಂದು ಕೂತು ಟಿವಿ ನೋಡಿದರು. "ಇನ್ನೂ ಅಲ್ಲೇ ಅದಾರಲ್ಲ," ಎಂದು ಮೆಲ್ಲಗೆ ಅಂದರು. ಆಮೇಲೆ ರಾಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಆ ಹುಡುಗಿಗೆ ಮೊದಲ ಔಷಧ ಕೊಡು," ಅಂದರು.

ನಾನು ಕೊಟ್ಟೆ. ಆ ಮನೆಯಲ್ಲಿ ಅವರು ಹೀಗೇ ಆಗಬೇಕೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದಿನಿಂದ ಆಟದ ಗುಂಡಿಗಳ ರಿಮೋಟು ನನ್ನ ಕೈಯಲ್ಲಿ, ಅಪ್ಪಣೆ ಅವರ ಬಾಯಲ್ಲಿ. ನಮ್ಮ ನಾಲ್ವರನ್ನು ಅವರು ಈಟಿಯಾಂವ, ಔಷಧದಾಕಿ, ಮುದುಕ, ಸಣ್ಣಾಂವ ಎಂದು ಕರೆಯುತ್ತಿದ್ದರು. ಪರದೆಯ ಮೇಲೆ ಅವರು ಹೆಬ್ಬೆರಳಿನಷ್ಟೇ ದೊಡ್ಡವರು, ಮೂಗು ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅದು ಅತ್ತೆಗೆ ಅಡ್ಡಿಯಾಗಲಿಲ್ಲ. ನಾನು ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ, ತಿಳಿಯದ ಕಡೆ ಕೈಯಿಂದ ಹಾಕಿ ಹೇಳುತ್ತಿದ್ದೆ. ಒಮ್ಮೊಮ್ಮೆ ಹಿಂದೆ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ತಾಳೆಯಾಗದೆ ಸಿಕ್ಕಿಬೀಳುತ್ತಿದ್ದೆ. ಮಗ್ಗಗಳ ಸದ್ದಿನಲ್ಲಿ ಟಿವಿಯ ದನಿ ಕೇಳುತ್ತಲೇ ಇರಲಿಲ್ಲ. ಆದರೆ ಆ ಆಟಕ್ಕೆ ಕಿವಿ ಬೇಕಿರಲಿಲ್ಲ.

ನನ್ನದು ಮೊದಲು ಹೊಡೆದುಬಿಡುವ ಬುದ್ಧಿ. ಅತ್ತೆ ಹಾಗಲ್ಲ. ಮೊದಲ ಪಾಳಿಯಲ್ಲಿ ಅವರು ಯಾರನ್ನೂ ಹೊಡೆಸುತ್ತಿರಲಿಲ್ಲ. ವೈರಿ ಏನು ಮಾಡುತ್ತಾನೆ ನೋಡೋಣ ಅನ್ನುತ್ತಿದ್ದರು. ನದಿಯ ಮಡುವಿನಲ್ಲಿದ್ದ ಒಂದು ಮೃಗ ನಮ್ಮನ್ನು ವಾರಗಟ್ಟಲೆ ಸೋಲಿಸಿತು. ಅದು ಇದ್ದಕ್ಕಿದ್ದಂತೆ ಒಂದೇ ಏಟಿಗೆ ನಾಲ್ವರನ್ನೂ ಉರುಳಿಸುತ್ತಿತ್ತು. ಅತ್ತೆ ಅದರ ಒಂದೊಂದು ಪಾಳಿಗೆ ಒಂದೊಂದು ಕಂಡಿಕೆಯನ್ನು ಮುಂದೆ ಸಾಲಾಗಿಡುತ್ತ ಹೋದರು. ಮೂರು ದಿನ ಹಾಗೆ ಮಾಡಿದ ಮೇಲೆ, ಆ ಏಟು ಬರುವುದು ಪ್ರತಿ ಐದನೇ ಪಾಳಿಗೇ ಎಂದು ತೋರಿಸಿದರು. ಮರುದಿನ ಐದನೆಯದು ಬಂದಾಗಲೆಲ್ಲ ನಾಲ್ವರಿಗೂ ತಡೆಯಲು ಹೇಳಿದೆವು. ಮೃಗ ನೀರಿಗೆ ಬಿದ್ದಾಗ ಅತ್ತೆ ಮತ್ತೆ ರಾಟಿಗೆ ಕೈ ಹಾಕಿದರು. ಆದರೆ ಆ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುವಾಗ, ಆ ಮೃಗದ ಬಗ್ಗೆಯೇ ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ನನಗೇ ಹೇಳಿದರು.

ಮಗಳು ತಿಂಗಳು ತುಂಬಿಯೇ ಹುಟ್ಟಿದಳು. ಆಟ ಮಾತ್ರ ಮುಗಿದಿರಲಿಲ್ಲ. ಕೂಸು ಮಲಗಿದ ಮಧ್ಯಾಹ್ನಗಳಲ್ಲಿ, ಮಗ್ಗ ಬಂದ್ ಇರುವ ಅಮಾವಾಸ್ಯೆಗಳಲ್ಲಿ ಆಡಿ ಆಡಿ ಒಂದು ವರ್ಷಕ್ಕೆ ಮುಗಿಸಿದೆವು. ಕೊನೆಗೆ ನಾಲ್ವರೂ ತಮ್ಮ ತಮ್ಮ ಊರಿನ ದಾರಿ ಹಿಡಿದರು. ಮತ್ತೆ ಹಚ್ಚಿದರೆ ಇರುತ್ತಾರೇನು ಎಂದು ಅತ್ತೆ ಕೇಳಿದರು. ಇರುತ್ತಾರೆ ಎಂದೆ. ಸಮಾಧಾನವಾದಂತೆ ರಿಮೋಟನ್ನು ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟರು.

ಆಟ ಅವರನ್ನು ಬದಲಿಸಿತು ಎಂದು ನಾನು ಹೇಳುವುದಿಲ್ಲ. ಮಗಳನ್ನು ಯಾವ ಶಾಲೆಗೆ ಹಾಕಬೇಕೆಂದು ದೊಡ್ಡ ಮಾವ ಎಲ್ಲರ ಮುಂದೆ ನಿರ್ಧರಿಸುತ್ತಿದ್ದಾಗ, "ತಡೀರಿ, ನಂದೊಂದು ಮಾತೈತಿ," ಎಂದು ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂದದ್ದು ನಿಜ. ಅವರಿಗೆ ಆಗ ವಯಸ್ಸೂ ಆಗಿತ್ತು, ದೊಡ್ಡ ಮಾವ ಮೆತ್ತಗೂ ಆಗಿದ್ದರು. ಯಾವುದರಿಂದ ಏನಾಯಿತೋ ಹೇಳಲು ಬಾರದು. ಮಗಳು ಮಾತ್ರ ಅತ್ತೆ ಹೇಳಿದ ಬನಹಟ್ಟಿಯ ಶಾಲೆಗೇ ಹೋದಳು.

ಅವಳು ಹೈಸ್ಕೂಲಿಗೆ ಬಂದ ವರ್ಷ ಮೈದುನ ದೀಪಾವಳಿಗೆ ಬಂದಾಗ ಹೊಸ ಗೇಮಿನ ಡಬ್ಬಿ, ದೊಡ್ಡ ಟಿವಿ ಎರಡನ್ನೂ ತಂದ. ಜೊತೆಗೆ ಒಂದು ಡಿಸ್ಕು. ನಮ್ಮ ಅದೇ ಹಳೆಯ ಆಟವನ್ನು ಹೊಸದಾಗಿ ರೀಮೇಕ್ ಮಾಡಿದ್ದಾರೆ ಎಂದ. ಅತ್ತೆಗೆ ಆಗ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಹೊಸ ಚಷ್ಮಾ ಹಾಕಿಕೊಂಡು ಟಿವಿಯ ಮುಂದೆಯೇ ಕೂತರು.

ಔಷಧದಾಕಿ ಪರದೆಯ ತುಂಬ ಮುಖ ತಿರುಗಿಸಿ ನೋಡಿದಳು. ಕೂದಲು ಗಾಳಿಗೆ ಹಾರುತ್ತಿತ್ತು, ಕೆನ್ನೆಯ ಮೇಲೆ ಸಣ್ಣ ಮಚ್ಚೆಯಿತ್ತು. ಅತ್ತೆ ಬಾಯಿಗೆ ಸೆರಗು ಹಿಡಿದರು.

"ಈಕಿ ಇಷ್ಟು ಚೆಂದ ಇದ್ದಳೇನು," ಅಂದರು.

ಊರ ಬಾವಿ, ಮುದುಕನ ಕೈಯ ನರ, ಮಳೆ ಬಿದ್ದ ಕಲ್ಲಿನ ಹೊಳಪು, ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ ತೋರಿಸಲು ಹೇಳಿದರು. ಇಷ್ಟು ವರ್ಷ ನಾವು ಕಣ್ಣು ಮೂಗು ನಾವೇ ಊಹಿಸಿಕೊಂಡು ಕರೆದುಕೊಂಡು ತಿರುಗಿದವರನ್ನು ಯಾರೋ ಇಷ್ಟು ಅಕ್ಕರೆಯಿಂದ ಕೂತು ತಿದ್ದಿ ತೀಡಿದ್ದಾರಲ್ಲ ಎಂದು ನನಗೂ ಅನ್ನಿಸಿತು.

ಆಮೇಲೆ ಮೊದಲ ಕಾಳಗ ಬಂತು. ನೀಲಿ ಚೌಕ ತೆರೆಯಲಿಲ್ಲ. ತೋಳಗಳು ಮೂರೂ ಕಡೆಯಿಂದ ಒಮ್ಮೆಲೇ ಬಂದವು. ನಾನು ರಿಮೋಟಿನಲ್ಲಿ ಯಾವ ಗುಂಡಿ ಎಲ್ಲಿದೆಯೆಂದು ನೋಡುವಷ್ಟರಲ್ಲಿ ಸಣ್ಣಾಂವ ಬಿದ್ದ, ಅವನ ಹಿಂದೆ ಮುದುಕ ಬಿದ್ದ, ಪರದೆ ಕಪ್ಪಾಯಿತು.

"ನಾ ಇನ್ನೂ ಹೇಳೇ ಇಲ್ಲಲ್ಲ," ಅಂದರು ಅತ್ತೆ.

ಮೈದುನ ನಕ್ಕ. ಹಳೆಯ ಪದ್ಧತಿ ಈಗ ಯಾರಿಗೂ ಬೇಡವಾಗಿದೆ, ಇದರಲ್ಲಿ ನಾವೇ ಓಡಬೇಕು, ನಾವೇ ತಪ್ಪಿಸಿಕೊಳ್ಳಬೇಕು, ಎಲ್ಲವೂ ಆ ಕ್ಷಣಕ್ಕೇ ನಡೆಯುತ್ತದೆ ಎಂದು ವಿವರಿಸಿದ. "ಇದು ಖರೆ ಜಗಳ ಬೇ. ಖರೆ ಜಗಳದಾಗ ಯಾರರ ಪಾಳಿ ಹಚ್ಚಿ ನಿಂದರ್ತಾರೇನು?"

"ಖರೆ ಜಗಳ ನಾ ಬೇಕಾದಷ್ಟು ನೋಡೀನಿ," ಎಂದು ಹೇಳಿ ಅತ್ತೆ ಎದ್ದು ಅಡುಗೆಮನೆಗೆ ಹೋದರು. ಹಬ್ಬ ಮುಗಿದು ಮೈದುನ ಊರಿಗೆ ಹೋದ ಮೇಲೂ ಅವರು ಆ ಟಿವಿಯ ಮುಂದೆ ಕೂಡಲಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಅತ್ತೆಗೆ ನೋವಾಗಿದೆಯೆಂದು ಗೊತ್ತಿದ್ದೂ ನನಗೆ ಆ ಹೊಸ ಕಾಳಗ ಹಿಡಿಸಿಬಿಟ್ಟಿತು. ಅವರು ಊಟ ಮಾಡಿ ಅಡ್ಡಾದಾಗ ಬಾಗಿಲು ಮುಂದೆ ಮಾಡಿಕೊಂಡು ಆಡತೊಡಗಿದೆ. ತೋಳ ಹಾರುವ ಗಳಿಗೆಯಲ್ಲೇ ಪಕ್ಕಕ್ಕೆ ಸರಿದು ಈಟಿ ಬೀಸಿದಾಗ ಅಂಗೈ ಬಿಸಿಯಾಗುತ್ತಿತ್ತು. ನಲವತ್ತರ ಹತ್ತಿರದ ಹೆಂಗಸು, ಬದುಕಿನಲ್ಲಿ ಒಮ್ಮೆಯೂ ಓಡಿದವಳಲ್ಲ, ಟಿವಿಯ ಮುಂದೆ ಕೂತು ಏದುಸಿರು ಬಿಡುತ್ತಿದ್ದೆ. ಹಳೆಯ ಆಟ ಇಂಥ ಸುಖ ಕೊಟ್ಟಿರಲಿಲ್ಲ. ಅದನ್ನು ಮಾಡಿದವರ ಕೈಚಳಕಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಆದರೆ ಮುಂದೆ ಹೋದಂತೆ ಸೋಲತೊಡಗಿದೆ. ನಾನು ಒಬ್ಬನನ್ನು ನಡೆಸುತ್ತಿದ್ದರೆ ಉಳಿದ ಮೂವರು ತಮಗೆ ತೋಚಿದ್ದನ್ನು ಮಾಡುತ್ತಿದ್ದರು. ಔಷಧದಾಕಿ ಹೊಡೆದಾಟಕ್ಕೆ ನುಗ್ಗುತ್ತಿದ್ದಳು, ಮುದುಕ ಇದ್ದ ಮಂತ್ರವನ್ನೆಲ್ಲ ಮೊದಲ ನಿಮಿಷದಲ್ಲೇ ಖರ್ಚು ಮಾಡುತ್ತಿದ್ದ. ಒಂದು ದಿನ ಏನೋ ಒತ್ತಲು ಹೋಗಿ ಬೇರೊಂದು ಪುಟ ತೆರೆಯಿತು. ಪ್ರತಿಯೊಬ್ಬರ ಹೆಸರಿನ ಕೆಳಗೆ ಖಾಲಿ ಸಾಲುಗಳು. ಹೀಗಾದರೆ ಹೀಗೆ ಮಾಡು ಎಂದು ಜೊತೆಗಾರರಿಗೆ ಮೊದಲೇ ಹೇಳಿಡುವ ಪುಟ ಅದು. ಕಾಳಗ ನಡೆಯುವಾಗ ಅವರು ಆ ಮಾತಿನಂತೆ ತಾವಾಗಿ ನಡೆದುಕೊಳ್ಳುತ್ತಾರೆ. ಆ ಪುಟ ತೆರೆದಿರುವಷ್ಟು ಹೊತ್ತೂ ಆಟ ನಿಂತೇ ಇರುತ್ತದೆ.

ನಾನು ಅಡುಗೆಮನೆಗೆ ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಇಷ್ಟು ದಿನ ಬಾಗಿಲು ಮುಂದೆ ಮಾಡಿಕೊಂಡು ಆಡಿದ್ದನ್ನು ಹೇಳಿದೆ. ಗೊತ್ತೈತಿ ಅಂದರು, ಅಕ್ಕಿಯಿಂದ ಕಣ್ಣೆತ್ತಲಿಲ್ಲ. ಆಮೇಲೆ ಆ ಪುಟದ ಬಗ್ಗೆ ಹೇಳಿದೆ.

"ಅವರು ಈಗ ನಿಂತು ಕೇಳೂದಿಲ್ಲರಿ. ಆದರ ಮೊದಲ ಹೇಳಿ ಕಳಿಸಿದ್ರ ಹಂಗ ಮಾಡ್ತಾರ."

ಮೊರದ ಮೇಲೆ ಅತ್ತೆಯ ಬೆರಳುಗಳು ನಿಂತವು. "ಮರೀದಂಗ?"

"ಮರೀದಂಗರಿ."

ಅವರು ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಬಂದರು. ಆ ಮಧ್ಯಾಹ್ನ ನಾವು ಒಂದೂ ಕಾಳಗ ಆಡಲಿಲ್ಲ. ಬರೀ ಹೇಳಿಟ್ಟೆವು. ಯಾರದಾದರೂ ಅರ್ಧ ಶಕ್ತಿ ಇಳಿಯಿತೆಂದರೆ ಔಷಧದಾಕಿ ಬೇರೆಲ್ಲ ಬಿಟ್ಟು ಅವರತ್ತ ಹೋಗಬೇಕು. ಈಟಿಯಾಂವ ಅವಳನ್ನು ಬಿಟ್ಟು ದೂರ ಸರಿಯಬಾರದು. ಮುದುಕ ದೊಡ್ಡ ಮಂತ್ರವನ್ನು ದೊಡ್ಡ ವೈರಿಗೇ ಉಳಿಸಬೇಕು. ಒಂದೊಂದಕ್ಕೂ ಅತ್ತೆ ಬಹಳ ಹೊತ್ತು ಯೋಚಿಸಿದರು. ಔಷಧದಾಕಿಗೇ ಪೆಟ್ಟಾದರೆ ಆಕೆಯನ್ನು ಯಾರು ನೋಡುತ್ತಾರೆ ಎಂದು ಅವರೇ ಕೇಳಿದರು. ಅಷ್ಟು ದಿನ ಆಡಿದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಆಕೆಯ ಆರೈಕೆ ಮುದುಕನ ಪಾಲಿಗೆ ಬಂತು.

ಮರುದಿನ ಆಡಿದೆವು. ಸೋತೆವು. ಅತ್ತೆ ಎರಡು ಸಾಲು ಬದಲಿಸಿದರು. ಮತ್ತೆ ಸೋತು ಮತ್ತೊಂದನ್ನು ಬದಲಿಸಿದರು. ನಾಲ್ಕನೇ ಸಲಕ್ಕೆ ನಾನು ಸಣ್ಣಾಂವನನ್ನು ಓಡಿಸುತ್ತ ಓಡಿಸುತ್ತ ಎಲ್ಲೋ ಸಿಕ್ಕಿಬಿದ್ದು, ಇನ್ನೇನು ಬಿದ್ದ ಅನ್ನುವಾಗ ಔಷಧದಾಕಿ ಕಾಳಗದ ನಡುವಿನಿಂದ ಹಾದು ಅವನ ಹತ್ತಿರ ಬಂದಳು. ಅವಳ ಹಿಂದೆಯೇ ಈಟಿಯಾಂವ. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

ಅತ್ತೆ ನನ್ನ ತೋಳು ಹಿಡಿದುಕೊಂಡರು. "ನೋಡು, ನಾ ಹೇಳಿದ್ದು ನೆನಪಿಟ್ಟಾಳ," ಅಂದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಮಗಳು ಹುಟ್ಟಿದ ದಿನವೂ ನಾನು ನೋಡಿರಲಿಲ್ಲ.

ಎರಡರಲ್ಲಿ ಯಾವುದು ಛಲೋ ಎಂದು ಮೈದುನ ಆಮೇಲೆ ಎಷ್ಟೋ ಸಲ ಕೆಣಕಿದ್ದಾನೆ. ಪಾಳಿಯ ಆಟ ನನ್ನನ್ನು ಅತ್ತೆಯ ಹತ್ತಿರ ತಂದು ಕೂರಿಸಿತು, ಅದರ ಋಣ ದೊಡ್ಡದು. ಆದರೆ ಓಡುವ ಆಟದಲ್ಲಿ ಅವರ ಬುದ್ಧಿ ಎಷ್ಟು ದೂರ ಹೋಗಬಲ್ಲದೆಂದು ಕಂಡೆ. ಅವರೇ ಉತ್ತರ ಕೊಡಲಿ ಎಂದು ಕೇಳಿದರೆ, ಹಳೆಯದರಲ್ಲಿ ಚಹಾ ಕುಡಿಯಲು ಸಿಗುತ್ತಿತ್ತು ಅನ್ನುತ್ತಿದ್ದರು.

ನಾವು ಮಡುವಿನ ಮೃಗವನ್ನೂ ದಾಟಿ ಮುಂದೆ ಹೋದ ಮೇಲೆ ಒಂದು ಸಂಜೆ ಇಚಲಕರಂಜಿಯಿಂದ ಮೈದುನನ ಫೋನು ಬಂತು. ಅವನೂ ಅಲ್ಲಿ ಅದೇ ಆಟ ಆಡುತ್ತಿದ್ದ. ಆ ಮೃಗದ ಹತ್ತಿರ ಹದಿನೈದು ದಿನದಿಂದ ಸಿಕ್ಕಿಕೊಂಡಿದ್ದೇನೆ, ಏನು ಮಾಡಿದಿರಿ ವೈನಿ ಎಂದು ನನ್ನನ್ನು ಕೇಳಿದ. ನಾನು ಫೋನನ್ನು ಅತ್ತೆಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಟ್ಟೆಗೆ ಹೋಗಿ ಕೂತರು. ವಿಷ ಏರಿದ ಕೂಡಲೇ ಔಷಧ ಕೊಡುವವರು ಯಾರು, ಆಕೆಯ ಹತ್ತಿರ ಯಾರು ನಿಂತಿದ್ದಾರೆ, ಮುದುಕನಿಗೆ ಎಷ್ಟು ಉಸಿರು ಉಳಿದಿದೆ ಎಂದು ಒಂದೊಂದಾಗಿ ವಿಚಾರಿಸತೊಡಗಿದರು. ನೀರಿಗೆ ಬಂದ ಪಕ್ಕದ ಮನೆಯಾಕೆ ಕೊಡ ಇಳಿಸಿ ಗಾಬರಿಯಿಂದ ನನ್ನತ್ತ ನೋಡಿದಳು. ಯಾರಿಗೂ ಏನೂ ಆಗಿಲ್ಲ ಎಂದು ನಾನು ಕೈಸನ್ನೆ ಮಾಡಿದೆ. ಅತ್ತೆ ಬೆರಳೆತ್ತಿ ಇಬ್ಬರನ್ನೂ ಸುಮ್ಮನಿರಿಸಿ, ಮೃಗ ಏನೇನು ಮಾಡಿತು ಮೊದಲಿಂದ ಮತ್ತೊಮ್ಮೆ ಹೇಳು ಎಂದು ಫೋನಿನಲ್ಲಿ ಮಗನಿಗೆ ಅಂದರು.